ನೀವೀಗ ಯಾವ ಪುಟದಲ್ಲಿದ್ದೀರಿ?

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ನಮ್ಮ ಧಾರವಾಡದ ಮನೆಮನೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಲೇಜುಗಳ ಲಿಂಕ್‌ಗಳು ಓಡಾಡತೊಡಗುತ್ತವೆ. ಸೋದರಮಾವ ಒಂದು ಕಳಿಸಿರುತ್ತಾನೆ, ಟ್ಯೂಷನ್ ಮಾಸ್ತರರು ಇನ್ನೊಂದು. ಒತ್ತಿದರೆ ತೆರೆದುಕೊಳ್ಳುವುದು ಕಾಲೇಜಿನ ಮುಖಪುಟ ಅಲ್ಲ, ಒಳಗೆಲ್ಲೋ ಇರುವ ಒಂದು ಶುಲ್ಕದ ಪಟ್ಟಿ. ಯಾವ ಕೋರ್ಸಿನದು? ಬಿಎಸ್ಸಿಯದೋ ಬಿಸಿಎಯದೋ? ಹಾಸ್ಟೆಲ್ ಸೇರಿದ ಮೊತ್ತವೋ, ಬರೀ ಬೋಧನಾ ಶುಲ್ಕವೋ? ಪುಟದ ತಲೆಯ ಮೇಲೆ ಒಂದು ಸಾಲಿದೆ: ಮುಖಪುಟ, ನಮ್ಮ ಬಗ್ಗೆ, ವಿಭಾಗಗಳು, ಪ್ರವೇಶ, ಗ್ರಂಥಾಲಯ, ಹಾಸ್ಟೆಲ್, ಸುದ್ದಿ, ಸಂಪರ್ಕ. ಎಂಟಕ್ಕೂ ಒಂದೇ ಬಣ್ಣ, ಒಂದೇ ದಪ್ಪ. ಈಗ ಕಣ್ಣ ಮುಂದಿರುವ ಪಟ್ಟಿ ಇವುಗಳಲ್ಲಿ ಯಾವುದರ ಕೆಳಗೆ ಬರುತ್ತದೆ ಎಂದು ಆ ಸಾಲು ಹೇಳುವುದೇ ಇಲ್ಲ.

ಜಾಲತಾಣ ಕಟ್ಟುವುದು ನನ್ನ ಕಸುಬು. ಶಾಲೆ, ಕಾಲೇಜು, ಸಹಕಾರಿ ಸಂಘ, ಪುಸ್ತಕ ಪ್ರಕಾಶನ, ಒಂದೆರಡು ಆಸ್ಪತ್ರೆ, ಇಂಥವರ ಕೆಲಸವೇ ಹೆಚ್ಚು. ಮೊದಲ ಸಭೆಯಲ್ಲಿ ಆಡಳಿತ ಮಂಡಳಿಯವರು ಕೇಳುವುದು ದೊಡ್ಡ ಬ್ಯಾನರ್, ಓಡುವ ಅಕ್ಷರ, ಅಧ್ಯಕ್ಷರ ಸಂದೇಶ. ಮೆನುವಿನಲ್ಲಿ ಈಗಿನ ಪುಟದ ಹೆಸರು ಬೇರೆಯಾಗಿ ಕಾಣಲಿ ಎಂದು ಕೇಳಿದವರನ್ನು ನಾನು ನೋಡಿಲ್ಲ. ಆ ಗುರುತು ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲದಾಗ ಜನ ತಡವರಿಸುತ್ತಾರೆ. ಯಾಕೆ ತಡವರಿಸಿದೆವು ಎಂದು ತಿಳಿಯದೆ, ನಮಗೇ ಕಂಪ್ಯೂಟರ್ ಬರುವುದಿಲ್ಲ ಎಂದುಕೊಂಡು ಎದ್ದುಹೋಗುತ್ತಾರೆ. ತಪ್ಪು ತಾಣದ್ದು, ನಾಚಿಕೆ ಓದುಗರದ್ದು. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಸಣ್ಣ ಗುರುತಿನ ಬಗ್ಗೆ ಇಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ.

ಚೆನ್ನಾಗಿ ಮಾಡಿದ ಗುರುತು ಹೇಗಿರುತ್ತದೆ ಎಂದು ನೋಡಬೇಕಾದರೆ ವಿಕಿಪೀಡಿಯಕ್ಕೆ ಹೋಗಿ. ಕನ್ನಡದ ಆವೃತ್ತಿಯೂ 2003ರಿಂದ ಇದೆ. ಲೇಖನದ ಮೇಲ್ಭಾಗದಲ್ಲಿ ಲೇಖನಕ್ಕೊಂದು, ಅದರ ಚರ್ಚೆಗೊಂದು ಟ್ಯಾಬ್ ಇರುತ್ತದೆ. ಎದುರು ಬದಿಯಲ್ಲಿ ಓದುವುದಕ್ಕೆ, ತಿದ್ದುವುದಕ್ಕೆ, ಹಳೆಯ ತಿದ್ದುಪಡಿಗಳನ್ನು ನೋಡುವುದಕ್ಕೆ. 2022ರ ಹೆಸರಿನಲ್ಲಿ ಬಂದ ಹೊಸ ವಿನ್ಯಾಸದಲ್ಲಿ ನೀವಿರುವ ಟ್ಯಾಬಿನ ಅಕ್ಷರ ಕಪ್ಪಗಿದ್ದು ಅದರ ಕೆಳಗೆ ಒಂದು ಗೆರೆ ಎಳೆದಿರುತ್ತದೆ. ಪಕ್ಕದ ಟ್ಯಾಬ್ ಲಿಂಕಿನ ನೀಲಿಯಲ್ಲೇ ಉಳಿದಿರುತ್ತದೆ. ಇದಕ್ಕಿಂತ ನನಗೆ ಇಷ್ಟವಾದದ್ದು ಪುಟದ ಕೊನೆಯಲ್ಲಿ ಸಿಗುತ್ತದೆ. ಒಂದು ಜಿಲ್ಲೆಯ ಲೇಖನದ ಅಡಿಯಲ್ಲಿ ರಾಜ್ಯದ 31 ಜಿಲ್ಲೆಗಳ ಹೆಸರಿರುವ ಪೆಟ್ಟಿಗೆ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ನೀವು ಗದಗದ ಪುಟದಲ್ಲಿದ್ದರೆ ಆ ಪೆಟ್ಟಿಗೆಯಲ್ಲಿ ಗದಗ ಮಾತ್ರ ದಪ್ಪ ಕಪ್ಪು ಅಕ್ಷರದಲ್ಲಿರುತ್ತದೆ, ಒತ್ತಲು ಬರುವುದಿಲ್ಲ. ಅಲ್ಲಿಂದ ಹಾವೇರಿಗೆ ಹೋದರೆ ಹಾವೇರಿ ದಪ್ಪವಾಗುತ್ತದೆ, ಗದಗ ಮತ್ತೆ ಲಿಂಕಾಗುತ್ತದೆ. ಪೆಟ್ಟಿಗೆ ಬರೆದವರು ಒಂದೇ ಸಲ ಬರೆದಿರುತ್ತಾರೆ. ಪುಟ ತನ್ನ ಕಡೆಗೇ ಲಿಂಕ್ ಕೊಟ್ಟುಕೊಂಡಿದೆ ಎಂದು ಗೊತ್ತಾದ ಕೂಡಲೇ ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶವೇ ಆ ಲಿಂಕನ್ನು ತೆಗೆದು ಹೆಸರನ್ನು ದಪ್ಪ ಮಾಡುತ್ತದೆ. ಲೇಖನ ಬರೆಯುವ ಸ್ವಯಂಸೇವಕರು ಇದನ್ನು ನೆನಪಿಡಬೇಕಿಲ್ಲ.

ಎಲ್ಲ ತಾಣಗಳಲ್ಲೂ ಹೀಗೆ ತಾನಾಗಿಯೇ ಯಾಕೆ ಆಗುವುದಿಲ್ಲ? ಬ್ರೌಸರ್ ಈ ಕೆಲಸವನ್ನು ವಹಿಸಿಕೊಂಡಿಲ್ಲ, ಅದಕ್ಕೆ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಮೊಸಾಯಿಕ್ ಬ್ರೌಸರ್ ಲಿಂಕಿಗೆ ಎರಡು ಬಣ್ಣ ಕೊಟ್ಟಿತು: ಇನ್ನೂ ಹೋಗದ ಪುಟಕ್ಕೆ ನೀಲಿ, ಹೋಗಿಬಂದ ಪುಟಕ್ಕೆ ಕಡು ನೇರಳೆ. ಗೂಗಲ್ ಫಲಿತಾಂಶಗಳಲ್ಲಿ ಇವತ್ತಿಗೂ ಆ ನೇರಳೆ ಕಾಣುತ್ತದೆ. ಅಂದರೆ ನೀವು ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಬ್ರೌಸರ್ ಮೊದಲಿನಿಂದಲೂ ನೆನಪಿಟ್ಟುಕೊಂಡಿದೆ. ಆ ನೆನಪಿನಿಂದ ತೊಂದರೆಯೂ ಆಯಿತು. ಲಿಂಕಿನ ಬಣ್ಣವನ್ನು ಗುಟ್ಟಾಗಿ ಓದಿ, ಓದುಗರು ಬೇರೆ ಯಾವ ತಾಣಗಳಿಗೆ ಹೋಗಿದ್ದರು ಎಂದು ಪತ್ತೆ ಮಾಡುವ ದಾರಿ ಕೆಲವರಿಗೆ ಸಿಕ್ಕಿತು. 2010ರಲ್ಲಿ ಮೊಜಿಲ್ಲಾ ಮುಂದಾಗಿ ಆ ಕಿಂಡಿಯನ್ನು ಮುಚ್ಚುವ ಉಪಾಯ ಕೊಟ್ಟಿತು, ಉಳಿದ ಬ್ರೌಸರ್‌ಗಳೂ ಅದನ್ನೇ ಹಿಡಿದವು. ಆದರೆ ಈ ಕ್ಷಣ ತೆರೆದಿರುವ ಪುಟದ ಕಡೆಗೇ ಕೈತೋರುವ ಲಿಂಕಿಗೆ ಮೂರನೆಯ ಬಣ್ಣ ಬರಲಿಲ್ಲ. ಪುಟಗಳ ರೂಪ ನಿರ್ಧರಿಸುವ ಸಿಎಸ್‌ಎಸ್ ಭಾಷೆಯ ಹೊಸ ಕರಡಿನಲ್ಲಿ ‘ಲೋಕಲ್-ಲಿಂಕ್’ ಎಂಬ ಸೌಲಭ್ಯದ ಪ್ರಸ್ತಾಪ ವರ್ಷಗಳಿಂದ ಇದೆ. ಜನ ದಿನವೂ ಬಳಸುವ ಬ್ರೌಸರ್‌ಗಳು ಅದನ್ನು ಅಳವಡಿಸಿಕೊಂಡಿಲ್ಲ. ಹಾಗಾಗಿ ಪ್ರತಿಯೊಂದು ತಾಣ ಕಟ್ಟುವವರೂ ಈ ಗುರುತನ್ನು ತಾವೇ ಮಾಡಬೇಕು. ನೆನಪಾದವರು ಮಾಡುತ್ತಾರೆ.

ದೊಡ್ಡ ಮಟ್ಟದಲ್ಲಿ ಜನರಿಗೆ ಇದನ್ನು ರೂಢಿ ಮಾಡಿಸಿದ್ದು ಅಮೆಜಾನ್. 1995ರಲ್ಲಿ ಪುಸ್ತಕ ಮಾರಲು ಶುರುಮಾಡಿದ ಕಂಪನಿ 1998ರಲ್ಲಿ ಸಂಗೀತವನ್ನೂ ವಿಡಿಯೊವನ್ನೂ ಸೇರಿಸಿತು. ಆಗ ಪುಟದ ಮೇಲೆ ಫೈಲಿನ ಕಿವಿಗಳಂಥ ಟ್ಯಾಬ್‌ಗಳು ಬಂದವು. ಒಂದೊಂದು ವಿಭಾಗಕ್ಕೆ ಒಂದೊಂದು ಬಣ್ಣ. ನೀವು ಸಂಗೀತದ ವಿಭಾಗಕ್ಕೆ ಹೋದರೆ ಆ ಟ್ಯಾಬಿನ ಬಣ್ಣವೇ ಕೆಳಗಿನ ಪಟ್ಟಿಗೂ ಹರಿದು ಎರಡೂ ಒಂದಾಗಿಬಿಡುತ್ತಿದ್ದವು. ಉಳಿದವು ಹಿಂದೆ ಸರಿದಂತೆ ಕಾಣುತ್ತಿದ್ದವು. ಮಾರುವ ಸರಕು ಹೆಚ್ಚಾಗುತ್ತ ಟ್ಯಾಬ್‌ಗಳು ಎರಡು ಸಾಲಾಗಿ, ಕೊನೆಗೆ ಕಂಪನಿ ಅವನ್ನು ಕೈಬಿಟ್ಟಿತು. ಅಷ್ಟರೊಳಗೆ ಜಗತ್ತಿನ ಅರ್ಧದಷ್ಟು ತಾಣಗಳು ಅದನ್ನು ನಕಲು ಮಾಡಿದಂತಿತ್ತು.

ಆ ಟ್ಯಾಬ್‌ಗಳನ್ನು ಮನಸಾರೆ ಹೊಗಳಿದವರು ಸ್ಟೀವ್ ಕ್ರುಗ್. 2000ರಲ್ಲಿ ಬಂದ ಅವರ ‘ಡೋಂಟ್ ಮೇಕ್ ಮಿ ಥಿಂಕ್’ ತೆಳ್ಳಗಿನ ಪುಸ್ತಕ. ನಮ್ಮ ಕಸುಬಿನವರು ಅದನ್ನು ಓದದೆ ಇರುವುದು ಕಡಿಮೆ. ಅದರಲ್ಲೊಂದು ಪರೀಕ್ಷೆ ಇದೆ. ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಿಸಿ, ಯಾವುದೋ ತಾಣದ ಒಳಪುಟವೊಂದರಲ್ಲಿ ಇಳಿಸಿದರೆ, ಕಣ್ಣು ಬಿಟ್ಟ ಕೂಡಲೇ ಇದು ಯಾರ ತಾಣ, ಇದು ಯಾವ ಪುಟ, ಇಡೀ ತಾಣದಲ್ಲಿ ಇದರ ಜಾಗ ಯಾವುದು ಎಂದು ಹೇಳಬಲ್ಲಿರಾ? ಕ್ರುಗ್ ಬರೆದಾಗ ಇದು ಊಹೆಯ ಪರೀಕ್ಷೆ. ಇವತ್ತು ನಮ್ಮ ಓದುಗರಲ್ಲಿ ಬಹುಪಾಲು ಜನ ಬರುವುದೇ ಹಾಗೆ: ಗೂಗಲ್‌ನಿಂದ, ವಾಟ್ಸ್‌ಆ್ಯಪ್‌ನಿಂದ, ಪೋಸ್ಟರ್ ಮೇಲಿನ ಕ್ಯುಆರ್ ಕೋಡ್‌ನಿಂದ. ಮುಂಬಾಗಿಲಿನಿಂದ ಒಳಗೆ ಬರುವವರು ತಾಣ ಮಾಡಿಸಿದ ಅಧ್ಯಕ್ಷರು ಮತ್ತು ಅದನ್ನು ಕಟ್ಟಿದ ನಾವು. ನಮಗೆ ದಾರಿ ಗೊತ್ತಿರುತ್ತದೆ, ಆದ್ದರಿಂದ ಗುರುತಿಲ್ಲದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕ್ರುಗ್ ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತಾರೆ, ನಾನದನ್ನು ಪೂರ್ತಿ ಒಪ್ಪುತ್ತೇನೆ: ಈ ಗುರುತು ಹಾಕುವವರು ಬಹಳ ಸಲ ಅದನ್ನು ಅತಿ ನಯವಾಗಿ ಹಾಕುತ್ತಾರೆ. ತಿಳಿ ಬೂದು ಬಣ್ಣದ ಪಕ್ಕ ಇನ್ನೊಂದು ಚೂರು ಗಾಢ ಬೂದು. ಹಾಕಿದವರಿಗೆ ಮಾತ್ರ ಅದು ಕಾಣುತ್ತದೆ.

ಕೋಡ್ ಬರೆಯುವವರ ಕಡೆಯಿಂದ ನೋಡಿದರೆ ಕೆಲಸ ಕಷ್ಟದ್ದಲ್ಲ, ಆದರೆ ತಪ್ಪಲು ಹತ್ತು ದಾರಿಗಳಿವೆ. ಹಿಂದೆ ಪ್ರತಿ ಪುಟವೂ ಒಂದೊಂದು ಬಿಡಿ ಎಚ್‌ಟಿಎಂಎಲ್ ಕಡತ. ಮೆನುವನ್ನು ಪ್ರತಿ ಕಡತದಲ್ಲೂ ನಕಲು ಮಾಡಿ, ಆಯಾ ಪುಟದ ಹೆಸರಿಗೆ ಕೈಯಿಂದಲೇ ಗುರುತು ಹಚ್ಚಬೇಕು. ದುರಸ್ತಿಗೆಂದು ನನ್ನ ಕೈಗೆ ಬಂದ ಒಂದು ಕಾಲೇಜಿನ ಹಳೆಯ ತಾಣದಲ್ಲಿ ಗ್ರಂಥಾಲಯದ ಪುಟವನ್ನೇ ನಕಲು ಮಾಡಿ ಹಾಸ್ಟೆಲ್ ಪುಟ ಮಾಡಿದ್ದರು. ಹಾಸ್ಟೆಲ್ ನಿಯಮಗಳನ್ನು ಓದುತ್ತಿದ್ದರೆ ಮೇಲೆ ಗ್ರಂಥಾಲಯ ಎಂದು ಹೊಳೆಯುತ್ತಿತ್ತು. ಗುರುತೇ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು. ರಾತ್ರಿ ಒಂಬತ್ತರೊಳಗೆ ಮರಳಬೇಕು ಎಂಬ ನಿಯಮ ಗ್ರಂಥಾಲಯಕ್ಕೋ ಹಾಸ್ಟೆಲಿಗೋ ಎಂದು ಮಕ್ಕಳು ಕಚೇರಿಗೆ ಬಂದು ಕೇಳುತ್ತಿದ್ದರಂತೆ.

ಸಿಎಸ್‌ಎಸ್ ಬಳಕೆಗೆ ಬಂದ ಮೇಲೆ ಒಂದು ಜಾಣ ಉಪಾಯ ಹಬ್ಬಿತು. ಮೆನು ಎಲ್ಲ ಪುಟಗಳಲ್ಲೂ ಒಂದೇ. ಪುಟದ ಮೈಗೆ ಮಾತ್ರ ‘ನಾನು ಹಾಸ್ಟೆಲ್’ ಎಂಬ ಹೆಸರು. ಹಾಸ್ಟೆಲ್ ಎಂಬ ಹೆಸರಿನ ಪುಟದಲ್ಲಿ ಹಾಸ್ಟೆಲ್ ಎಂಬ ಲಿಂಕಿಗೆ ಹಿನ್ನೆಲೆ ಬಣ್ಣ ಬರಲಿ ಎಂದು ಒಂದು ಕಡೆ ನಿಯಮ ಬರೆದರಾಯಿತು. ಈಗ ಹೆಚ್ಚಿನ ತಾಣಗಳಲ್ಲಿ ಸರ್ವರೇ ನೋಡಿಕೊಳ್ಳುತ್ತದೆ: ತೆರೆದಿರುವ ಪುಟದ ವಿಳಾಸ, ಮೆನುವಿನ ಲಿಂಕಿನ ವಿಳಾಸ, ಇವೆರಡನ್ನೂ ಹೋಲಿಸಿ ಒಂದೇ ಆಗಿದ್ದಲ್ಲಿ ಗುರುತು ಹಚ್ಚುತ್ತದೆ. 2010ರಲ್ಲಿ ವರ್ಡ್‌ಪ್ರೆಸ್‌ನ 3.0 ಆವೃತ್ತಿ ಹೊಸ ಮೆನು ವ್ಯವಸ್ಥೆ ತಂದಿತು. ಅದು ಈಗಿನ ಪುಟಕ್ಕೊಂದು ಗುರುತು, ಆ ಪುಟದ ಮೇಲಿನ ವಿಭಾಗಕ್ಕೆ ಬೇರೆಯದೇ ಒಂದು ಗುರುತು ಹಾಕಿ ಕೊಡುತ್ತದೆ.

ಈ ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನೀವು ‘ಪ್ರವೇಶ’ದ ಒಳಗಿನ ‘ಶುಲ್ಕ ವಿನಾಯಿತಿ’ ಪುಟದಲ್ಲಿದ್ದೀರಿ. ಮೇಲಿನ ಸಾಲಿನಲ್ಲಿ ಶುಲ್ಕ ವಿನಾಯಿತಿ ಎಂಬ ಪದವೇ ಇಲ್ಲ. ಆಗ ‘ಪ್ರವೇಶ’ಕ್ಕೆ ಗುರುತು ಬೀಳಬೇಕು, ಆದರೆ ಅದು ‘ನೀವು ಇದರ ಒಳಗಿದ್ದೀರಿ’ ಎನ್ನುವ ಗುರುತು. ‘ಪ್ರವೇಶ’ದ ಮುಖ್ಯ ಪುಟಕ್ಕೆ ಮರಳಬೇಕಾದವರು ಅದನ್ನು ಒತ್ತಲೂ ಬೇಕು. ನಾನು ವಿಭಾಗಕ್ಕೆ ಗೆರೆಯನ್ನೂ, ಪುಟಕ್ಕೆ ಗೆರೆಯ ಜೊತೆ ಹಿನ್ನೆಲೆ ಬಣ್ಣವನ್ನೂ ಕೊಡುತ್ತೇನೆ.

ಇದ್ದ ಪುಟದ ಲಿಂಕನ್ನೇ ಮತ್ತೆ ಒತ್ತಿದರೆ ಏನಾಗುತ್ತದೆ ಎಂಬುದು ಬೇರೆಯ ಪ್ರಶ್ನೆ. ಬೇರೆ ಯಾರೋ ಕಟ್ಟಿಕೊಟ್ಟಿದ್ದ ತಾಣವೊಂದರ ವಿಷಯವಾಗಿ ಒಂದು ಸಹಕಾರಿ ಸಂಘದ ಗುಮಾಸ್ತರು ನನಗೆ ಫೋನ್ ಮಾಡಿದ್ದರು. “ಅಕ್ಕಾರ, ಠೇವಣಿ ಅನ್ನೋದನ್ನ ಒತ್ತಾಕತ್ತೀನ್ರಿ, ಏನೂ ಆಗವಲ್ದರಿ.” ನೋಡಿದರೆ ಅವರಿದ್ದದ್ದೇ ಠೇವಣಿಯ ಪುಟದಲ್ಲಿ. ಒತ್ತಿದಾಗಲೆಲ್ಲ ಅದೇ ಪುಟ ಮತ್ತೆ ಬಂದು ಕೂರುತ್ತಿತ್ತು. ಯಾಕೋಬ್ ನೀಲ್ಸನ್ ಬಳಕೆಸ್ನೇಹಿ ವಿನ್ಯಾಸದ ಬಗ್ಗೆ ದಶಕಗಳಿಂದ ಬರೆಯುತ್ತಿರುವವರು. 1994ರಲ್ಲಿ ಅವರು ಅಂತಿಮ ರೂಪ ಕೊಟ್ಟ ಹತ್ತು ಸೂತ್ರಗಳಲ್ಲಿ ಮೊದಲನೆಯದೇ, ವ್ಯವಸ್ಥೆ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಬಳಸುವವರಿಗೆ ಸದಾ ತಿಳಿದಿರಬೇಕು ಎಂಬುದು. ಪುಟದ ಮೇಲೆ ಆ ಪುಟಕ್ಕೇ ಲಿಂಕ್ ಇರಬಾರದು ಎಂಬುದೂ ಅವರ ಸಲಹೆ. ನಾನು ಇಲ್ಲಿ ಸ್ವಲ್ಪ ಬೇರೆ ದಾರಿ ಹಿಡಿಯುತ್ತೇನೆ. ಲಿಂಕನ್ನು ಪೂರ್ತಿ ತೆಗೆದರೆ, ಕಿವಿಯಿಂದ ತಾಣ ಓದುವವರಿಗೆ ಲಿಂಕುಗಳ ಪಟ್ಟಿಯಲ್ಲಿ ಒಂದು ಹೆಸರು ಮಾಯವಾದಂತಾಗುತ್ತದೆ. ಹಾಗಾಗಿ ಸಾಮಾನ್ಯ ಪುಟಗಳಲ್ಲಿ ಲಿಂಕ್ ಇಟ್ಟು ಗುರುತನ್ನು ಗಟ್ಟಿ ಮಾಡುತ್ತೇನೆ. ಅರ್ಜಿ ತುಂಬುವ ಪುಟದಲ್ಲಿ ಮಾತ್ರ ತೆಗೆದುಬಿಡುತ್ತೇನೆ. ಆಧಾರ್ ಸಂಖ್ಯೆ, ಅಂಕಪಟ್ಟಿಯ ವಿವರ, ಬ್ಯಾಂಕ್ ಖಾತೆ ಎಲ್ಲ ತುಂಬಿ ಮುಗಿಸಿದ ತಾಯಿಯೊಬ್ಬಳ ಬೆರಳು ತಪ್ಪಿ ಮೇಲಿನ ‘ಅರ್ಜಿ’ಗೆ ತಾಗಿ, ಪುಟ ಹೊಸದಾಗಿ ತೆರೆದು, ತುಂಬಿದ್ದೆಲ್ಲ ಅಳಿಸಿಹೋದರೆ ಅವಳು ಇನ್ನೊಮ್ಮೆ ತುಂಬುವ ಹೊತ್ತಿಗೆ ಮಧ್ಯಾಹ್ನದ ಬಸ್ಸು ಹೋಗಿರುತ್ತದೆ.

ಬಣ್ಣದ ವಿಷಯಕ್ಕೆ ಬರೋಣ. ಎಲ್ಲ ಹೆಸರೂ ಹಸಿರು, ಈಗಿನ ಪುಟ ಮಾತ್ರ ಕೆಂಪು ಎಂದು ಮಾಡಿದ ತಾಣಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೆಂಪು–ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದವರು ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರು, ಹೆಂಗಸರಲ್ಲಿ 200ಕ್ಕೆ ಒಬ್ಬರು. ನಮ್ಮಲ್ಲೂ ಇಂಥವರಿದ್ದಾರೆ, ಎಷ್ಟೋ ಜನಕ್ಕೆ ತಮಗೆ ಹಾಗಿದೆ ಎಂದು ಗೊತ್ತಾಗುವುದು ಕೆಲಸಕ್ಕೆ ಸೇರುವಾಗಿನ ಕಣ್ಣಿನ ತಪಾಸಣೆಯಲ್ಲಿ. ಅವರಿಗೆ ಈ ಮೆನುವಿನ ಎಂಟೂ ಹೆಸರುಗಳು ಒಂದೇ ಬಗೆಯ ಕಂದು. ಕಣ್ಣು ಚೆನ್ನಾಗಿದ್ದವರೂ ಏಪ್ರಿಲ್ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲ್ ನೋಡಿದರೆ ಬಣ್ಣಗಳೆಲ್ಲ ಬಿಳಿಚಿಕೊಂಡಿರುತ್ತವೆ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರ ಡಿಸೆಂಬರ್‌ನಲ್ಲಿ ಹೊರತಂದ ಸುಗಮ್ಯತೆಯ ಮಾರ್ಗಸೂಚಿ ಇದನ್ನು ತೀರಾ ಮೊದಲ ಹಂತದ ನಿಯಮವಾಗಿಯೇ ಇಟ್ಟಿದೆ: ಬಣ್ಣವೊಂದರಿಂದಲೇ ಯಾವ ಮಾಹಿತಿಯನ್ನೂ ಹೇಳಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತದ ವ್ಯತ್ಯಾಸ ಇರಬೇಕು ಎಂಬುದು ಎರಡನೆಯ ಹಂತದ್ದು. ಬಿಳಿಯ ಮೇಲೆ ಅಚ್ಚ ಕಪ್ಪು ಅಂದರೆ 21ಕ್ಕೆ 1. ಗೆರೆ, ಚಿಹ್ನೆಗಳಿಗೆ 3ಕ್ಕೆ 1 ಸಾಕು ಎಂದು 2018ರಲ್ಲಿ ಸೇರಿಸಿದರು. ಆದರೆ ‘ನೀವು ತಾಣದ ಯಾವ ಭಾಗದಲ್ಲಿದ್ದೀರಿ ಎಂದು ತಿಳಿಯಬೇಕು’ ಎಂಬ ನಿಯಮವನ್ನು ಅದೇ ಮಾರ್ಗಸೂಚಿ ಮೂರನೆಯ ಹಂತದಲ್ಲಿ, ಅಂದರೆ ಬಹುತೇಕ ಯಾರೂ ಗುರಿಯಾಗಿಟ್ಟುಕೊಳ್ಳದ ಅತಿ ಮೇಲಿನ ಹಂತದಲ್ಲಿ ಇಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಇಷ್ಟು ಅಗ್ಗವಾಗಿ ಆಗುವ, ಇಷ್ಟು ಜನಕ್ಕೆ ಬೇಕಾದ ಸೌಕರ್ಯ ಮೊದಲ ಹಂತದಲ್ಲೇ ಇರಬೇಕಿತ್ತು.

ನಾನು ಕಟ್ಟಿದ ತಾಣಗಳನ್ನು ಪರೀಕ್ಷಿಸಿ ಕೊಡುವ ಗೆಳೆಯರೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರು ಬಳಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ದೃಷ್ಟಿಹೀನ ಗೆಳೆಯರು ಬೆಳೆಸಿದ ಇದನ್ನು ಯಾರು ಬೇಕಾದರೂ ಹಣ ಕೊಡದೆ ಹಾಕಿಕೊಳ್ಳಬಹುದು. ಅದರ ಜೊತೆಗೇ ಬರುವ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ನಾನು ಚೆಂದವಾಗಿ ಹಿನ್ನೆಲೆ ಬಣ್ಣ, ಗೆರೆ ಎಲ್ಲ ಹಾಕಿದ ಮೆನುವನ್ನು ಅವರು ಮೊದಲು ಕೇಳಿದಾಗ ಹೇಳಿದ್ದು ಇಷ್ಟು: “ಅಕ್ಕಾ, ಎಲ್ಲಾನೂ ಲಿಂಕ್, ಲಿಂಕ್ ಅಂತ ಹೇಳತದ. ನಾ ಎಲ್ಲಿ ಅದೀನಿ ಅಂತ ಹೇಳವಲ್ದು.” ಹಿನ್ನೆಲೆ ಬಣ್ಣ ದನಿಯಾಗುವುದಿಲ್ಲ.

ಇದಕ್ಕೆ ಪರಿಹಾರ ಒಂದು ಪದದ್ದು. ಡಬ್ಲ್ಯು3ಸಿ 2017ರ ಡಿಸೆಂಬರ್‌ನಲ್ಲಿ ಅಂತಿಮಗೊಳಿಸಿದ ಏರಿಯಾ 1.1 ಎಂಬ ಮಾನದಂಡದಲ್ಲಿ ‘ಏರಿಯಾ-ಕರೆಂಟ್’ ಎಂಬ ಗುಣಸೂಚಕ ಬಂತು. ಈಗಿನ ಪುಟದ ಲಿಂಕಿಗೆ ಅದನ್ನು ಸೇರಿಸಿ ‘ಪೇಜ್’ ಎಂಬ ಬೆಲೆ ಕೊಟ್ಟರೆ, ಸ್ಕ್ರೀನ್ ರೀಡರ್ ಆ ಹೆಸರನ್ನು ಓದುವಾಗ ಇದೇ ಈಗಿನ ಪುಟ ಎಂದು ಸೇರಿಸಿ ಹೇಳುತ್ತದೆ. ಅದೇ ಗುಣಸೂಚಕಕ್ಕೆ ಬೇರೆ ಬೆಲೆಗಳೂ ಇವೆ: ಹಂತ ಹಂತವಾಗಿ ತುಂಬುವ ಅರ್ಜಿಯಲ್ಲಿ ಈಗಿನ ಹಂತ, ಕ್ಯಾಲೆಂಡರಿನಲ್ಲಿ ಇವತ್ತಿನ ದಿನಾಂಕ. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಇನ್ನೊಂದಿದೆ. ಕಣ್ಣಿಗೆ ಕಾಣುವ ಗೆರೆ, ಬಣ್ಣಗಳನ್ನೂ ಇದೇ ಗುಣಸೂಚಕಕ್ಕೆ ಕಟ್ಟಿಬಿಡುತ್ತೇನೆ. ಅದು ಇದ್ದಲ್ಲಿ ಮಾತ್ರ ಗೆರೆ ಬರಲಿ ಎಂದು ಸಿಎಸ್‌ಎಸ್‌ನಲ್ಲಿ ಬರೆದರೆ, ಕಣ್ಣಿಗೆ ಹೇಳುವುದೂ ಕಿವಿಗೆ ಹೇಳುವುದೂ ಎಂದೂ ಬೇರೆಬೇರೆಯಾಗುವುದಿಲ್ಲ. ನಾಳೆ ಇನ್ನೊಬ್ಬರು ತಾಣವನ್ನು ತಿದ್ದಿ ಆ ಪದವನ್ನು ಮರೆತರೆ ಗೆರೆಯೂ ಮಾಯವಾಗಿ, ತಪ್ಪು ಎಲ್ಲರ ಕಣ್ಣಿಗೆ ಬೀಳುತ್ತದೆ. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವನ್ನೂ ಸುಗಮ್ಯವಾಗಿಡಬೇಕೆಂದು ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಮುಟ್ಟುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ತೀರ್ಪು ಕೊಟ್ಟಿತು. ಹುಬ್ಬಳ್ಳಿಯ ಗೆಳೆಯರು ಕೇಳಿದ್ದು ಉಪಕಾರವಲ್ಲ.

ಇಲ್ಲಿಯವರೆಗೆ ಹೇಳಿದ್ದು ಯಾವ ಭಾಷೆಯ ತಾಣಕ್ಕಾದರೂ ಸರಿ. ಕನ್ನಡದ ಮೆನುವಿಗೆ ಅದರದ್ದೇ ಆದ ಕಷ್ಟಗಳಿವೆ. ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ, ಏಕೆಂದರೆ ಆ ಪುಸ್ತಕಗಳೆಲ್ಲ ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡು ಬರೆದವು.

ಇಂಗ್ಲಿಷಿನಲ್ಲಿ ಒಂದು ಪದವನ್ನು ಎದ್ದು ಕಾಣಿಸಲು ನಾಲ್ಕು ಸಾಧನಗಳು ಕೈಗೆ ಸಿಗುತ್ತವೆ: ದೊಡ್ಡಕ್ಷರ, ಓರೆ ಅಕ್ಷರ, ದಪ್ಪ ಅಕ್ಷರ, ಅಡಿಗೆರೆ. ಕನ್ನಡದಲ್ಲಿ ದೊಡ್ಡಕ್ಷರ ಎಂಬುದಿಲ್ಲ. ಓರೆ ಅಕ್ಷರ ನಮ್ಮ ಲಿಪಿಯ ರೂಢಿಯಲ್ಲಿಲ್ಲ. ಬಹುಪಾಲು ಕನ್ನಡ ಫಾಂಟ್‌ಗಳಲ್ಲಿ ಆ ರೂಪವೇ ಇಲ್ಲದೆ, ಬ್ರೌಸರ್ ತಾನೇ ಅಕ್ಷರಗಳನ್ನು ಬಗ್ಗಿಸಿ ನಿಲ್ಲಿಸುತ್ತದೆ, ಗುಂಡನೆಯ ಅಕ್ಷರಗಳು ಬೀಳುವಂತೆ ಕಾಣುತ್ತವೆ. ದಪ್ಪ ಅಕ್ಷರ ಇದೆ, ಆದರೆ ಮೆನುವಿನ ಸಣ್ಣ ಗಾತ್ರದಲ್ಲಿ ಅಪಾಯಕಾರಿ. ದ–ಧ, ಬ–ಭ, ಪ–ಫಗಳನ್ನು ಬೇರೆ ಮಾಡುವುದು ಅಡಿಯಲ್ಲಿನ ಒಂದು ಸಣ್ಣ ಸೀಳು. ಥಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ. ಗೆರೆ ದಪ್ಪವಾದಂತೆ ಈ ಸೀಳು, ಚುಕ್ಕೆಗಳ ಸುತ್ತಲಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ‘ಗ್ರಂಥಾಲಯ’ವನ್ನು ಸಣ್ಣ ಗಾತ್ರದಲ್ಲಿ ದಪ್ಪ ಮಾಡಿ, ಅಗ್ಗದ ಮೊಬೈಲಿನಲ್ಲಿ ನೋಡಿದರೆ ನಡುವಿನ ಅಕ್ಷರ ಒಂದು ಕಪ್ಪು ಉಂಡೆ. ಫಾಂಟಿನಲ್ಲಿ ನಿಜವಾದ ದಪ್ಪ ರೂಪ ಇಲ್ಲದಿದ್ದರಂತೂ ಬ್ರೌಸರ್ ಅದೇ ಅಕ್ಷರವನ್ನು ಕೃತಕವಾಗಿ ಉಬ್ಬಿಸುತ್ತದೆ, ಶಾಯಿ ಕದಡಿದಂತಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟಿನಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳನ್ನು ವಿನ್ಯಾಸಕರೇ ತಿದ್ದಿ ತೀಡಿ ಕೊಟ್ಟಿದ್ದಾರೆ. ದಪ್ಪ ಬೇಕೇಬೇಕೆಂದರೆ ಅದರ ಮಧ್ಯಮ ತೂಕವನ್ನು ಬಳಸುತ್ತೇನೆ, ಪೂರ್ತಿ ದಪ್ಪವನ್ನಲ್ಲ.

ದಪ್ಪ ಮಾಡಿದರೆ ಇನ್ನೊಂದು ಉಪದ್ರವ. ಪದ ಅಗಲವಾಗುತ್ತದೆ. ‘ವಿಭಾಗಗಳು’ ಪುಟದಿಂದ ‘ಸಂಪರ್ಕ’ಕ್ಕೆ ಹೋದರೆ ಒಂದು ಹೆಸರು ಕುಗ್ಗಿ ಇನ್ನೊಂದು ಹಿಗ್ಗಿ, ಇಡೀ ಸಾಲು ಒಂದಿಷ್ಟು ಅಲುಗುತ್ತದೆ. ಕನ್ನಡದ ಪದಗಳು ಮೊದಲೇ ಉದ್ದ. ಒಂದು ಸಾಲಿನಲ್ಲಿ ಕಷ್ಟಪಟ್ಟು ಕೂತಿದ್ದ ಮೆನು, ಒಂದು ಪುಟದಲ್ಲಿ ಮಾತ್ರ ಎರಡು ಸಾಲಾಗಿ ಕೆಳಗಿನದನ್ನೆಲ್ಲ ತಳ್ಳುತ್ತದೆ.

ಅಡಿಗೆರೆಯದು ಇದಕ್ಕಿಂತ ದೊಡ್ಡ ಕಥೆ. ನಮ್ಮ ಒತ್ತಕ್ಷರಗಳು ಇರುವುದೇ ಕೆಳಗೆ. ‘ಪ್ರವೇಶ’, ‘ಸುದ್ದಿ’, ‘ಶುಲ್ಕ’ ಈ ಪದಗಳಿಗೆ ಬ್ರೌಸರಿನ ಮಾಮೂಲಿ ಅಡಿಗೆರೆ ಎಳೆದರೆ ಅದು ಹಿಂದೆ ಒತ್ತಿನ ಕತ್ತು ಸೀಳಿಕೊಂಡು ಹೋಗುತ್ತಿತ್ತು. ಈಗಿನ ಬ್ರೌಸರ್‌ಗಳು ಅಕ್ಷರದ ಬಾಲ ಅಡ್ಡ ಬಂದಲ್ಲಿ ಗೆರೆಯನ್ನು ತಾವೇ ಕಡಿಯುತ್ತವೆ. ಇಂಗ್ಲಿಷಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರಕ್ಕೆ ಬಾಲವಿರುವುದರಿಂದ ಅದು ಅಂದ. ಒತ್ತುಗಳು ತುಂಬಿದ ಕನ್ನಡ ಪದದಲ್ಲಿ ಗೆರೆ ತುಂಡು ತುಂಡಾಗಿ, ಗುರುತು ಅನ್ನಿಸುವುದೇ ಇಲ್ಲ. ಹಾಗಾಗಿ ನಾನು ಅಕ್ಷರದ ಅಡಿಗೆರೆಯನ್ನು ಬಿಟ್ಟು, ಆ ಹೆಸರು ಕೂತಿರುವ ಚೌಕದ ಕೆಳ ಅಂಚಿಗೆ ದಪ್ಪ ಪಟ್ಟಿ ಕೊಡುತ್ತೇನೆ. ಒತ್ತು ಇಳಿಯಲು ಜಾಗ ಬಿಟ್ಟು, ಅದರ ಕೆಳಗೆ ಪಟ್ಟಿ. ಎಷ್ಟು ಜಾಗ ಎಂದು ಅಳೆಯಲು ನನ್ನ ಬಳಿ ಒಂದು ಪದವಿದೆ, ಎಲ್ಲ ಕಾಲೇಜುಗಳ ಮೆನುವಿನಲ್ಲೂ ಅದು ಬಂದೇ ಬರುತ್ತದೆ: ‘ರಾಷ್ಟ್ರೀಯ ಸೇವಾ ಯೋಜನೆ’. ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ್ದೂ. ಆ ‘ಷ್ಟ್ರೀ’ ಪಟ್ಟಿಗೆ ತಾಗದೆ, ಚೌಕದ ಅಂಚಿನಲ್ಲಿ ಕತ್ತರಿಸಿಹೋಗದೆ ನಿಂತರೆ ಉಳಿದೆಲ್ಲ ಪದಗಳೂ ನಿಲ್ಲುತ್ತವೆ. ಹೊರದೇಶದಲ್ಲಿ ತಯಾರಾದ ಸಿದ್ಧ ಥೀಮ್‌ಗಳನ್ನು ತಂದು ಕನ್ನಡ ತುಂಬಿಸಿದಾಗ ಸಾಲಿನ ಎತ್ತರ ಸಾಲದೆ ಒತ್ತುಗಳ ಪಾದ ಕತ್ತರಿಸಿರುವುದನ್ನು ನೀವೂ ನೋಡಿರುತ್ತೀರಿ. ಮಾಡಬೇಕಾದ್ದು ಎತ್ತರದ ಒಂದು ಅಂಕಿಯನ್ನು ಹೆಚ್ಚಿಸುವುದು.

ಮೊಬೈಲಿನಲ್ಲಿ ಮೆನು ಕಣ್ಣಿಗೇ ಬೀಳುವುದಿಲ್ಲ. ಮೂರು ಅಡ್ಡಗೆರೆಗಳ ಚಿಹ್ನೆಯ ಹಿಂದೆ ಅಡಗಿರುತ್ತದೆ. ಆ ಚಿಹ್ನೆಯನ್ನು ನಾರ್ಮ್ ಕಾಕ್ಸ್ 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆಂದು ಬರೆದದ್ದು, ಈಗ ಪ್ರತಿ ಫೋನಿನಲ್ಲೂ ಇದೆ. ಗುರುತು ಎಷ್ಟೇ ಚೆನ್ನಾಗಿದ್ದರೂ ಮುಚ್ಚಿದ ಮೆನುವಿನೊಳಗಿದ್ದರೆ ಯಾರಿಗೆ ಕಾಣಬೇಕು? ವಾಟ್ಸ್‌ಆ್ಯಪ್ ಹಿಡಿದಿರುವ ದಾರಿ ಒಳ್ಳೆಯದು: ಆಂಡ್ರಾಯ್ಡ್ ಫೋನಿನಲ್ಲಿ ಅದರ ನಾಲ್ಕೂ ವಿಭಾಗಗಳು ಅಡಿಯ ಪಟ್ಟಿಯಲ್ಲಿ ಸದಾ ಕಾಣುತ್ತವೆ, ನೀವಿರುವ ವಿಭಾಗದ ಚಿಹ್ನೆಯ ಸುತ್ತ ತಿಳಿಹಸಿರಿನ ಗುಳಿಗೆಯಾಕಾರ ಬರುತ್ತದೆ, ಚಿಹ್ನೆಯ ಒಳಗೂ ಬಣ್ಣ ತುಂಬಿಕೊಳ್ಳುತ್ತದೆ. ಆಕಾರವೂ ಬದಲಾಗುವುದರಿಂದ ಬಣ್ಣ ತಿಳಿಯದವರಿಗೂ ಗೊತ್ತಾಗುತ್ತದೆ. ಎಂಟು ಹೆಸರಿರುವ ಕಾಲೇಜಿನ ತಾಣಕ್ಕೆ ಅಡಿಪಟ್ಟಿ ಹೊಂದುವುದಿಲ್ಲ. ಅಲ್ಲಿ ನಾನು ಮೂರು ಗೆರೆಗಳ ಪಕ್ಕದಲ್ಲೇ ವಿಭಾಗದ ಹೆಸರನ್ನು ಬರೆದಿಡುತ್ತೇನೆ. ಅದರ ಕೆಳಗೆ ‘ಮುಖಪುಟ › ಪ್ರವೇಶ › ಶುಲ್ಕ ವಿನಾಯಿತಿ’ ಎಂಬ ದಾರಿಸಾಲು. ಕೊನೆಯ ಹೆಸರು ಒತ್ತಲು ಬಾರದು. ಪುಟದ ದೊಡ್ಡ ಶೀರ್ಷಿಕೆ ಮೆನುವಿನಲ್ಲಿರುವ ಪದವನ್ನೇ ಹೇಳಬೇಕು. ಮೆನುವಿನಲ್ಲಿ ‘ಶುಲ್ಕ ವಿನಾಯಿತಿ’, ಶೀರ್ಷಿಕೆಯಲ್ಲಿ ‘ಆರ್ಥಿಕ ನೆರವು’ ಎಂದಿದ್ದರೆ ಹುಡುಗ ತಪ್ಪು ಪುಟಕ್ಕೆ ಬಂದೆ ಎಂದುಕೊಂಡು ಹಿಂದಕ್ಕೆ ಹೋಗುತ್ತಾನೆ.

ನೀವು ಶಾಲೆಯ ಮುಖ್ಯೋಪಾಧ್ಯಾಯರೋ, ಸಂಘದ ಕಾರ್ಯದರ್ಶಿಯೋ ಆಗಿದ್ದರೆ ನಿಮ್ಮ ತಾಣದ ಒಳಗಿನ ಪುಟವೊಂದರ ವಿಳಾಸವನ್ನು ಆ ತಾಣವನ್ನು ಎಂದೂ ನೋಡದ ಒಬ್ಬರಿಗೆ ಕಳಿಸಿ, ಅವರೆಲ್ಲಿದ್ದಾರೆ ಎಂದು ಕೇಳಿ. ಪರದೆಯ ಚಿತ್ರ ತೆಗೆದು, ಫೋನಿನ ಫೋಟೊ ತಿದ್ದುವ ಸೌಲಭ್ಯದಲ್ಲೇ ಅದನ್ನು ಕಪ್ಪು–ಬಿಳುಪು ಮಾಡಿ, ಗುರುತು ಆಗಲೂ ಕಾಣುತ್ತದೆಯೇ ನೋಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಅದನ್ನು ಹಚ್ಚಿ ಕಣ್ಣು ಮುಚ್ಚಿ ಮೆನುವನ್ನು ಕೇಳಿಸಿಕೊಳ್ಳಿ. ಈಗಿನ ಪುಟ ಯಾವುದೆಂದು ಅದು ಹೇಳದಿದ್ದರೆ, ತಾಣ ಕಟ್ಟಿಕೊಟ್ಟವರಿಗೆ ಫೋನ್ ಮಾಡಿ ‘ಏರಿಯಾ-ಕರೆಂಟ್ ಹಾಕಿ, ಒತ್ತಕ್ಷರದ ಕೆಳಗೆ ಜಾಗ ಬಿಟ್ಟು ಪಟ್ಟಿ ಕೊಡಿ’ ಎನ್ನಿ. ಹೊಸ ತಾಣ ಬೇಕಿಲ್ಲ, ಹೊಸ ಥೀಮ್ ಬೇಕಿಲ್ಲ. ವರ್ಡ್‌ಪ್ರೆಸ್‌ನ ತಾಣವಾದರೆ ಗುರುತಿನ ಅರ್ಧ ಕೆಲಸ ಆಗಲೇ ಆಗಿರುತ್ತದೆ, ಉಳಿದದ್ದು ಒಂದು ಮಧ್ಯಾಹ್ನದ್ದು.